ಹೂಳುವ ಮೊದಲು ಸಾವಿನ ಕಾರಣ ಬರೆಸೋಣ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಂಧುಗಳೇ,

ಕಡಲಿನ ಸುದ್ದಿ ಘಟ್ಟದ ಕೆಳಗಿನವರದ್ದು ಎಂದು ಸುಮ್ಮನಿರಬೇಡಿ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಕಾಡು ಹಾದು ಕುಮಟಾದ ಬಳಿ ಕಡಲಿಗೆ ಬೀಳುತ್ತದೆ. ಮಾಗೋಡಿನಲ್ಲಿ ಧುಮುಕುವ ಬೇಡ್ತಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲೆ ಸೀಮೆಯ ಸಮುದ್ರ ಸೇರುತ್ತದೆ. ನಮ್ಮ ಹೊಳೆಗಳು ಸೇರುವ ಆ ನೀರಿನಲ್ಲಿ ತಿಮಿಂಗಿಲಗಳಿವೆ, ಸತ್ತು ದಡಕ್ಕೂ ಬರುತ್ತಿವೆ.

2023ರಲ್ಲಿ ಹೊನ್ನಾವರದ ಮುಗಳಿಯಲ್ಲಿ ಒಂದು ಬಂದು ಬಿತ್ತು. ಅಪ್ಸರಕೊಂಡದ ಜೊತೆ ರಾಜ್ಯದ ಮೊದಲ ಸಾಗರ ಅಭಯಾರಣ್ಯಕ್ಕೆ ಹೆಸರು ಕೊಟ್ಟ ಊರದು. ಇಂಥ ತಿಮಿಂಗಿಲದ ಗಂಟಲಿನಿಂದ ಹೊಟ್ಟೆಯವರೆಗೆ ಹೂಟಿ ಮಾಡಿದ ಗದ್ದೆಯಂತೆ ಸಾಲು ಸಾಲು ಮಡಿಕೆ, ಬಾಯಲ್ಲಿ ಹಲ್ಲಿನ ಬದಲು ಪೊರಕೆಯಂಥ ನಾರು. ಕೊಳೆತು ದಡ ಸೇರಿದರೆ ನಾತ ತಡೆಯಲಾರದೆ ಜನ ಅವಸರ ಮಾಡುತ್ತಾರೆ. ಜೆಸಿಬಿ ಬರುತ್ತದೆ, ಗುಂಡಿ ತೋಡಿ ಮುಚ್ಚಿದರೆ ಮುಗಿಯಿತು.

ಮುಗಿಯಬಾರದು. ಹಡಗಿನ ಮೂತಿ ಬಡಿದರೆ ಎಷ್ಟೋ ಸಲ ಚರ್ಮ ಹರಿಯುವುದೇ ಇಲ್ಲ. ಒಳಗೆ ಮೂಳೆ ಮುರಿದಿರುತ್ತದೆ, ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಕೊಯ್ದು ನೋಡದೆ ಅದು ಕಾಣದು. ಹೀಗೆ ಹೂತ ಒಂದೊಂದು ತಿಮಿಂಗಿಲದ ಜೊತೆ ಒಂದೊಂದು ಸಾಕ್ಷಿಯೂ ಮಣ್ಣಾಗುತ್ತದೆ. ಆಮೇಲೆ ಬಂದರು ಕಟ್ಟುವವರು, ಇಲ್ಲಿ ಹಡಗು ಬಡಿದು ಸತ್ತ ದಾಖಲೆಯೇ ಇಲ್ಲ ಎನ್ನಬಹುದು.

ತಿಮಿಂಗಿಲ ಉಸಿರಿಗೆ ಮೇಲೆ ಬರಲೇಬೇಕು, ಮೇಲೆಯೇ ತೇಲಿ ಮಲಗುವುದೂ ಉಂಟು. ಹಡಗಿನ ಸದ್ದು ಹುಟ್ಟುವುದು ಹಿಂದಿನ ಪಂಖದಲ್ಲಿ. ಎದುರಿಗಿದ್ದ ಪ್ರಾಣಿಗೆ ಹಡಗಿನ ಒಡಲೇ ಆ ಸದ್ದನ್ನು ಮರೆಮಾಡುತ್ತದೆ. ಅಪರೂಪದ ತಿಮಿಂಗಿಲಗಳೂ ಈ ಕಡಲಿಗೆ ಬರುತ್ತವೆ. 2017ರ ಕೊನೆಗೆ ಒಮಾನಿನಲ್ಲಿ ಉಪಗ್ರಹ ಸಾಧನ ಕಟ್ಟಿದ್ದ ಲುಬಾನ್ ಎಂಬ ಗೂನುಬೆನ್ನಿನ ತಿಮಿಂಗಿಲ ಅರಬ್ಬೀ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿತ್ತು. ಒಮಾನಿನ ಕಡೆ ಅವು ನೂರೂ ಇಲ್ಲವೆಂದು ಅಂದಾಜು. ಅಂಥದರಲ್ಲಿ ಒಂದು ಹೆಣ್ಣು ಸತ್ತರೆ ನಷ್ಟವೆಷ್ಟು, ಲೆಕ್ಕ ಹಾಕಿ.

ಬೇಲೆಕೇರಿ ಬಂದರಿಗೆ ಅದಿರು ಹೊತ್ತು ಅರಬೈಲ್ ಘಟ್ಟ ಇಳಿದ ಲಾರಿಗಳ ಸಾಲು ಯಲ್ಲಾಪುರದವರಿಗೆ ಮರೆತಿಲ್ಲ. ಈಗ ಬೇಲೆಕೇರಿಯ ಹತ್ತಿರವೇ ಕೇಣಿಯಲ್ಲಿ ದೊಡ್ಡ ಬಂದರಿನ ಯೋಜನೆ, ಅದು ಬಂದರೆ ಹಡಗುಗಳೂ ಹೆಚ್ಚುತ್ತವೆ. ಮೀನುಗಾರರು ಬೇಡವೆನ್ನುತ್ತಿದ್ದಾರೆ, ನಾನೂ ಅವರ ಜೊತೆಗಿದ್ದೇನೆ. ಹಡಗುಗಳಿಗೂ ನಿಯಮವಿರಲಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ 2008ರಿಂದ ತಿಮಿಂಗಿಲವಿರುವ ಕಡೆ, ಅವು ಬರುವ ಕಾಲದಲ್ಲಿ, ದೊಡ್ಡ ಹಡಗು 10 ನಾಟ್ ಮೀರುವಂತಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ನೀಲಿ ತಿಮಿಂಗಿಲಗಳಿಗಾಗಿ 2022ರಲ್ಲಿ ದೊಡ್ಡ ಹಡಗು ಕಂಪನಿಯೊಂದು ತನ್ನ ದಾರಿಯನ್ನೇ ಆಚೆ ಸರಿಸಿತು. ಆಗದ ಮಾತೇನಲ್ಲ.

1983ರಲ್ಲಿ ಸಲ್ಕಣಿಯ ಹತ್ತಿರ ಮರ ಅಪ್ಪಿಕೊಂಡು ಕೊಡಲಿ ತಡೆದವರು ನಮ್ಮವರೇ. ಬರುವ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ: ದಡಕ್ಕೆ ಬಂದ ಪ್ರತಿ ತಿಮಿಂಗಿಲದ ಮರಣೋತ್ತರ ಪರೀಕ್ಷೆ ಸಮುದ್ರಜೀವಿ ತಜ್ಞರ ಎದುರಿನಲ್ಲೇ ಆಗಬೇಕು, ವರದಿ ಊರಿನವರ ಕೈಗೂ ಸಿಗಬೇಕು. ಅದಿಲ್ಲದೆ ಯಾವ ಬಂದರಿಗೂ ಒಪ್ಪಿಗೆ ಬೇಡ.

ರಜೆಗೆ ದೇವಿಮನೆ ಘಟ್ಟ ಇಳಿದು ಹೋದಾಗ ಕಳೇಬರ ಕಂಡರೆ ಮುಟ್ಟಬೇಡಿ, ಹತ್ತಿ ನಿಲ್ಲಬೇಡಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಕೊಡೆ ಇಟ್ಟು ತಲೆ, ಬೆನ್ನು, ಬಾಲದ ಫೋಟೊ ತೆಗೆಯಿರಿ. ಅರಣ್ಯ ಇಲಾಖೆಗೆ ಕೂಡಲೇ 1926ಕ್ಕೆ ಫೋನ್ ಮಾಡಿ.