ಫೀಸು ಕಟ್ಟುವ ಮೊದಲು ಆರು ತಿಂಗಳು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಘಟ್ಟ ಹತ್ತಿ ಬಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಬೇಕರಿ, ಹೋಟೆಲು ಅಂತ ನೆಲೆ ನಿಂತ ನಮ್ಮಂಥವರಿಗೆ ಇಷ್ಟು ದಿನ ಉತ್ತರ ಸುಲಭ ಇತ್ತು. ಓದು ಹತ್ತಿದರೆ ಡಿಪ್ಲೊಮಾ, ಬಿಕಾಂ. ಹತ್ತದಿದ್ದರೆ ಅಂಗಡಿಯ ಗಲ್ಲಾ, ಇಲ್ಲವೇ ಗಲ್ಫ್. ಈಗ ಮಕ್ಕಳು ಹೊಸ ಹೆಸರೊಂದು ಹೇಳ್ತಿದ್ದಾರೆ. "ಉಪ್ಪಾ, ನಾನು ಅನಿಮೇಷನ್ ಕಲೀತೇನೆ."

ಆಗ ನಾವು ಎರಡರಲ್ಲಿ ಒಂದು ತಪ್ಪು ಮಾಡ್ತೇವೆ. "ಕಾರ್ಟೂನು ಹೊಟ್ಟೆ ತುಂಬಿಸ್ತದಾ?" ಅಂತ ಬಾಯಿ ಮುಚ್ಚಿಸ್ತೇವೆ. ಇಲ್ಲವೇ, "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂದವರ ಮಾತು ನಂಬಿ, ಉಮ್ಮನ ಬಳೆ ಅಡವಿಟ್ಟು ಲಕ್ಷಗಟ್ಟಲೆ ಫೀಸು ಕಟ್ತೇವೆ. ಎರಡೂ ಬೇಡ ಅನ್ನೋದೇ ನಮ್ಮ ಮಾತು.

ಮೊದಲು ಈ ಕೆಲಸ ಏನಂತ ತಿಳಿಯೋಣ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡ್ತವೆ. ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಚಿತ್ರ. ಕಂಪ್ಯೂಟರ್ ಇದ್ದರೂ ಗೊಂಬೆಯ ಆಕಾರ ಮಾಡುವವರು ಒಬ್ಬರು, ಅದಕ್ಕೆ ಮೂಳೆ-ಕೀಲು ಜೋಡಿಸುವವರು ಇನ್ನೊಬ್ಬರು, ನಡೆಸುವವರು ಮತ್ತೊಬ್ಬರು, ಬೆಳಕು ಕೂರಿಸುವವರು ಬೇರೆ. ಕಾರ್ಟೂನು ಒಂದೇ ಅಲ್ಲ, ಜಾಹೀರಾತು, ಗೇಮ್, ಕಟ್ಟುವ ಮೊದಲೇ ಮನೆ ತೋರಿಸುವ ವಿಡಿಯೊ, ವೈದ್ಯಕೀಯ ಪಾಠ, ಎಲ್ಲದರಲ್ಲೂ ಈ ಕೆಲಸ ಉಂಟು.

ಇದು ನಮ್ಮ ಸೀಮೆಗೆ ಪೂರಾ ಹೊಸದೂ ಅಲ್ಲ. ತುಂಗಭದ್ರೆಯ ಆಚೆ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರದ್ದು ತೊಗಲುಗೊಂಬೆ. ನಿರ್ಜೀವ ಚಿತ್ರಕ್ಕೆ ಚಲನೆ ಕೊಟ್ಟು ಕಥೆ ಹೇಳುವುದು. ಅದನ್ನು ಅವರು ಜೀವಮಾನವಿಡೀ ದುಡಿದು ಕಲಿತರು, ಮೂರು ತಿಂಗಳ ಕೋರ್ಸಿನಲ್ಲಿ ಅಲ್ಲ.

ಕೆಲಸ ಉಂಟಾ? ಉಂಟು. ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ನೀತಿ ತಂದಿತು. 2024–29ರ ಹೊಸ ನೀತಿಯಲ್ಲಿ 30 ಸಾವಿರ ಹೊಸ ಉದ್ಯೋಗದ ಗುರಿ ಇದೆ. ಆದರೆ ಗುರಿ ಬೇರೆ, ಕೈಗೆ ಬರುವ ಸಂಬಳ ಬೇರೆ. 2017ರಲ್ಲಿ 'ದಿ ಜಂಗಲ್ ಬುಕ್' ಚಿತ್ರದ ವಿಶುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಅದರಲ್ಲಿ ಬೆಂಗಳೂರಿನ ಎಂಪಿಸಿ ಸ್ಟುಡಿಯೊದ ಹುಡುಗರ ಕೈಯೂ ಇತ್ತು. ಎಂಪಿಸಿಯ ಒಡೆತನ ಆಗ ಟೆಕ್ನಿಕಲರ್ ಕಂಪನಿಯದಾಗಿತ್ತು. 2025ರ ಫೆಬ್ರವರಿಯಲ್ಲಿ ಆ ಕಂಪನಿ ಕುಸಿದು ಬಿತ್ತು. ಭಾರತದಲ್ಲಿ, ಹೆಚ್ಚಾಗಿ ಬೆಂಗಳೂರಿನಲ್ಲೇ, ಮೂರು ಸಾವಿರದಷ್ಟು ಮಂದಿ ಒಮ್ಮೆಲೇ ಕೆಲಸ ಕಳಕೊಂಡರು. ಇದರ ಮೇಲೆ, ಹೊಸಬರು ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಕ್ಕೆ ಎಐ ಕೂಡ ಕೈ ಹಾಕ್ತಿದೆ.

ಹೆದರಿಸಲಿಕ್ಕೆ ಇದನ್ನು ಹೇಳ್ತಿಲ್ಲ. ದೊಡ್ಡ ಕಂಪನಿಯ ಹೆಸರು, ಗೋಡೆಗೆ ಹಾಕಿದ ಸರ್ಟಿಫಿಕೇಟು, ಎರಡೂ ಕಾಯುವುದಿಲ್ಲ. ಕಾಯುವುದು ಕೈಯಲ್ಲಿರುವ ಕೆಲಸ. ಸ್ಟುಡಿಯೊದವರು ಮಾರ್ಕ್ಸ್‌ಕಾರ್ಡಿಗಿಂತ ಮೊದಲು ಕೇಳೋದು 'ಶೋರೀಲ್' ಅಂದರೆ ತಾನೇ ಮಾಡಿದ ಕೆಲಸದ ಒಂದೆರಡು ನಿಮಿಷದ ವಿಡಿಯೊ.

ಅದನ್ನು ಮನೆಯಲ್ಲೇ ಶುರು ಮಾಡಬಹುದು. ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ಗೆ ಒಂದು ಪೈಸೆ ಕೊಡಬೇಕಿಲ್ಲ. ಲಾಟ್ವಿಯಾ ಅನ್ನೋ ಸಣ್ಣ ದೇಶದ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಅದರಲ್ಲೇ 'ಫ್ಲೋ' ಚಿತ್ರ ಮಾಡಿ, 2025ರಲ್ಲಿ ಆಸ್ಕರ್ ಒಯ್ದರು. ಮೊಬೈಲ್ ಸಾಲದು, 8 ಜಿಬಿ ರ್‍ಯಾಮ್ ಆದರೂ ಇರುವ ಕಂಪ್ಯೂಟರ್ ಬೇಕು. ಸೆಕೆಂಡ್‌ಹ್ಯಾಂಡ್ ಆದರೂ ನಡೀತದೆ.

ಆದ್ದರಿಂದ ಫೀಸು ಕಟ್ಟುವ ಮೊದಲು ಆರು ತಿಂಗಳು ಕೊಡಿ. ದಿನಕ್ಕೆ ಎರಡು ಗಂಟೆ. ಒಂದು ಗಂಟೆ ಪೆನ್ಸಿಲು: ಬೇಕರಿಯಲ್ಲಿ ಹಿಟ್ಟು ನಾದುವ ಕೈ, ಸಂತೆಯಲ್ಲಿ ಮೂಟೆ ಹೊರುವವರ ನಡೆ, ಕಂಡದ್ದನ್ನು ಬರೆಯಲಿ. ಇನ್ನೊಂದು ಗಂಟೆ ಬ್ಲೆಂಡರ್: ಮೊದಲು ಪುಟಿಯುವ ಚೆಂಡು, ಆಮೇಲೆ ನಡೆಯುವ ಮನುಷ್ಯ. ಆರು ತಿಂಗಳ ನಂತರವೂ ಕುಳಿತುಕೊಳ್ಳುವ ಮಗುವಿಗೆ ದುಡ್ಡು ಹಾಕಬಹುದು. ಎರಡನೇ ವಾರಕ್ಕೇ ಬೇಸರ ಬಂದರೆ ಬಳೆ ಉಳಿಯಿತು, ಮಗುವಿಗೂ ತನ್ನ ದಾರಿ ಇದಲ್ಲ ಅಂತ ಗೊತ್ತಾಯಿತು.

ಆಮೇಲೆ ಸಂಸ್ಥೆ ಹುಡುಕಿ. ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಹೋದ ವರ್ಷ ಕಲಿತವರ ಶೋರೀಲ್ ತೋರಿಸ್ತೀರಾ? ಅವರಲ್ಲಿ ಮೂವರ ಹತ್ತಿರ ನಾವೇ ಮಾತಾಡಬಹುದಾ? ಕಲಿಸುವವರು ಸ್ಟುಡಿಯೊದಲ್ಲಿ ದುಡಿದವರಾ? ನಡುವೆ ಬಿಟ್ಟರೆ ಫೀಸು ವಾಪಸಾ? ಉತ್ತರ ಬರಹದಲ್ಲಿ ಕೊಡದಿದ್ದರೆ ಎದ್ದು ಬನ್ನಿ.

ಸರ್ಕಾರಿ ದಾರಿಗಳೂ ಉಂಟು. ಪಿಯುಸಿ ಯಾವ ವಿಭಾಗದಲ್ಲಿ ಓದಿದ್ದರೂ ಅಹಮದಾಬಾದಿನ ಎನ್‌ಐಡಿಯ ಪ್ರವೇಶ ಪರೀಕ್ಷೆ ಬರೆಯಬಹುದು. ಅಲ್ಲಿ ಅನಿಮೇಷನ್‌ಗೇ ಪದವಿ ಇದೆ. ಚಿತ್ರಕಲೆಯ ಬುನಾದಿ ಬೇಕಾದವರಿಗೆ ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜು 'ಕಾವಾ' ಇದೆ. ಇನ್ನೊಂದು ಮಾತು: ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಮುಖ್ಯವಾಗಿ ಸಿಇಟಿ ಮೂಲಕ ಸೀಟು ಸಿಕ್ಕವರಿಗೆ. ಖಾಸಗಿ ಸೆಂಟರಿನವರು "ಸಾಲ ನಾವೇ ಮಾಡಿಸ್ತೇವೆ" ಅಂದರೆ ಸಹಿ ಹಾಕುವ ಮೊದಲು ನಿಗಮದ ಕಚೇರಿಯಲ್ಲಿ ವಿಚಾರಿಸಿ.

ಜೀವಿಗಳ ಚಿತ್ರ ಮಾಡೋದು ಸರಿಯಾ ಅಂತ ಹಿರಿಯರು ಕೇಳ್ತಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವುದು ಬೇಡ. ನಿಮ್ಮ ಉಸ್ತಾದರ ಹತ್ತಿರ ಪೂರಾ ವಿಷಯ ಇಟ್ಟು ಕೇಳಿ. ಕಟ್ಟಡ, ಯಂತ್ರ, ಪಾಠದ ಚಿತ್ರಗಳ ಕೆಲಸವೂ ಇದರಲ್ಲೇ ಇದೆ ಅನ್ನುವುದನ್ನೂ ಹೇಳಿ. ಹಾಗೆಯೇ, ಆರು ತಿಂಗಳ ಈ ಅವಕಾಶ ಮೋನುವಿಗೆ ಮಾತ್ರ ಅಂತ ಮಾಡಬೇಡಿ. ಮೋಳುವಿನ ಕೈಗೂ ಪೆನ್ಸಿಲು ಕೊಡಿ. ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ ಇದರಲ್ಲಿ ಸಾಕಷ್ಟಿದೆ.

ಏನೇ ಆದರೂ ಕೈಯಲ್ಲಿ ಒಂದು ಪದವಿ ಇರಲಿ, ಬಿಕಾಂ ಆದರೂ ಸರಿ. ಬೇಕರಿಗೆ ಹೊಸ ಒಲೆ ತರುವಾಗ ನಾಲ್ಕು ಊರು ತಿರುಗಿ, ಹತ್ತು ಜನರನ್ನು ಕೇಳ್ತೇವಲ್ಲ? ಮಕ್ಕಳ ದಾರಿ ನೋಡುವಾಗಲೂ ಅಷ್ಟು ತಿರುಗೋಣ.