ವೋಚರ್ ಇಲ್ಲದ ಲೆಕ್ಕ ನಂಬಬ್ಯಾಡ್ರಿ

1/4
ಪ್ರಾಜೆಕ್ಟ್ ಸಬ್ಮಿಷನ್ ಹತ್ರ ಬಂದದ. ಈಗ ಎಲ್ಲರ ಲ್ಯಾಪ್‌ಟಾಪ್‌ನಾಗೂ ಒಂದೇ ಸೀನ್: ಒಂದು ಕಡೆ ಆರ್, ಇನ್ನೊಂದು ಕಡೆ ವರ್ಡ್. ಸ್ಕ್ರೀನ್ ಮೇಲೆ ಬಂದ ಸರಾಸರಿ ಓದೋದು, ಕೈಯಿಂದ ಟೈಪ್ ಮಾಡೋದು. ದಯವಿಟ್ಟು ಇದನ್ನ ನಿಲ್ಲಿಸ್ರಿ. ಬುದ್ಧಿ ಹೇಳೋಕೆ ಬಂದ್ಲು ಅನ್ಕೋಬ್ಯಾಡ್ರಿ, ಈ ತಪ್ಪು ಮೊದಲು ಮಾಡಿದಾಕಿ ನಾನೇ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ತೊಗರಿ ರೈತರನ್ನು ಕೇಳಿ ನಮ್ಮ ಗ್ರೂಪ್ ಸರ್ವೆ ಮಾಡಿತ್ತು. ಎಕರೆಗೆ ಎಷ್ಟು ಕ್ವಿಂಟಲ್, ಎಷ್ಟು ಖರ್ಚು, ಎಷ್ಟಕ್ಕೆ ಮಾರಿದ್ರಿ ಅಂತ. ಆರ್ ಲೆಕ್ಕ ಸರಿಯಾಗೇ ಹಾಕಿತ್ತು: ಅಫಜಲಪುರ 3.6. ನಾನು ವರ್ಡ್‌ನಾಗ ಹೊಡೆದದ್ದು 6.3. ಗ್ರೂಪ್‌ನ ಎಲ್ಲರೂ ಓದಿದ್ರು, ಯಾರಿಗೂ ಕಾಣಲಿಲ್ಲ. ಸರ್ವೆಗೆ ಉತ್ತರ ಕೊಟ್ಟಿದ್ದ ನಮ್ಮ ಕಾಕಾ ಮನ್ಯಾಗ ಒಂದೇ ಸಲ ನೋಡಿ ಕೇಳಿದ್ರು: "ಆರರ ಮ್ಯಾಲೆ ಯಾರ ಹೊಲದಾಗ ಬಂದದ ಯವ್ವಾ? ನೆಟೆ ರೋಗಕ್ಕ ಅರ್ಧ ಹೊಲ ಒಣಗ್ಯದ ಅಂತ ನಾ ನಿನಗ ಹೇಳಿದ್ನಲ್ಲ?"

ನನ್ನ ಹತ್ರ ಉತ್ತರ ಇರಲಿಲ್ಲ. ಅವರು ನಿಜ ಹೇಳಿದ್ರು, ನಾನು ಅವರ ಬಾಯಿಗೆ ಸುಳ್ಳು ಹಾಕಿದ್ದೆ.

2/4
ನಾವು ಬಿಕಾಂನವರು. ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಅಂತ ಮೊದಲ ಸೆಮಿಸ್ಟರ್‌ನಾಗೇ ಕಲ್ತೀವಿ. ಹಂಗಾದ್ರ ಸ್ಕ್ರೀನ್ ಮೇಲೆ ಒಂದು ಕ್ಷಣ ಕಂಡ ಸಂಖ್ಯೆಗೆ ವೋಚರ್ ಎಲ್ಲದ?

ವೇರಿಯೇಬಲ್‌ನಾಗ ಇಟ್ಟ ಬೆಲೆ ಇರೋದು ಕಂಪ್ಯೂಟರ್‌ನ ಮೆಮೊರಿಯಲ್ಲಿ. ಲ್ಯಾಬ್‌ನಾಗ ಕರೆಂಟ್ ಹೋದ್ರ ಅದೂ ಹೋಯ್ತು. "ಮುಚ್ಚುವಾಗ ವರ್ಕ್‌ಸ್ಪೇಸ್ ಸೇವ್ ಮಾಡಲಾ ಅಂತ ಕೇಳ್ತದಲ್ಲ, ಯೆಸ್ ಒತ್ತಿದ್ರ ಆಯ್ತು" ಅಂತೀರಾ? ಆ ಫೈಲ್ ನೋಟ್‌ಪ್ಯಾಡ್‌ನಾಗ ಓದೋಕೆ ಬರಲ್ಲ. ಮೇಲಾಗಿ, ಮುಂದಿನ ಸಲ ಅದೇ ಫೋಲ್ಡರ್‌ನಿಂದ ಶುರು ಮಾಡಿದ್ರ ಹೋದ ವಾರದ ವೇರಿಯೇಬಲ್‌ಗಳೆಲ್ಲ ಸದ್ದಿಲ್ಲದೆ ಬಂದು ಕೂತಿರ್ತಾವ. ಹಳೇ ಸರಾಸರಿ ಯಾವುದು, ಹೊಸದು ಯಾವುದು ಹೆಂಗ ಗೊತ್ತಾಗಬೇಕು? ನೋ ಅನ್ರಿ.

3/4
ಮಾಡಬೇಕಾದ್ದು ಇಷ್ಟೇ. ಲೆಕ್ಕ ಮುಗಿದ ಕೂಡಲೇ ಬೆಲೆಯನ್ನು ಟೆಕ್ಸ್ಟ್ ಫೈಲ್‌ಗೆ ಪ್ರೋಗ್ರಾಮೇ ಬರೀಲಿ.

• ಕ್ಯಾಟ್ ಅನ್ನೋ ಕಮಾಂಡ್‌ಗೆ ತಾಲ್ಲೂಕಿನ ಹೆಸರು, ವೇರಿಯೇಬಲ್, ಫೈಲ್ ಹೆಸರು ಕೊಡ್ರಿ.
• ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಎನ್ ಹಾಕ್ರಿ. ಮರೆತ್ರ ಮೂರೂ ತಾಲ್ಲೂಕು ಒಂದೇ ಸಾಲಿನಾಗ ಅಂಟ್ಕೋತಾವ.
• ಎರಡನೇ ಸಾಲಿನಿಂದ ಅಪೆಂಡ್ ಟ್ರೂ ಅನ್ರಿ. ಇಲ್ಲಾಂದ್ರ ಆಳಂದದ ಮ್ಯಾಲೆ ಅಫಜಲಪುರ, ಅದರ ಮ್ಯಾಲೆ ಜೇವರ್ಗಿ. ಕೊನೆಗೆ ಉಳಿಯೋದು ಜೇವರ್ಗಿ ಒಂದೇ. ಮೊದಲ ಸಾಲಿಗೆ ಮಾತ್ರ ಅಪೆಂಡ್ ಬ್ಯಾಡ, ಎರಡು ಸಲ ರನ್ ಮಾಡಿದ್ರ ಲೆಕ್ಕ ಎರಡು ಸಲ ಬೀಳ್ತದ.
• ಹೆಸರು ಕನ್ನಡದಾಗೇ ಬರೀರಿ. ವಿಂಡೋಸ್‌ನಾಗ ಹಳೇ ಆರ್ ಇದ್ರ ಅಕ್ಷರದ ಬದಲು ಕೋಡ್ ಬರಬಹುದು. 2022ರಲ್ಲಿ ಬಂದ 4.2 ಅಥವಾ ಅದಕ್ಕಿಂತ ಹೊಸದು ಹಾಕ್ಕೊಳ್ರಿ. ಆರ್ ಪುಕ್ಕಟೆ ಅದ.

ವರದಿಗೆ ಆ ಫೈಲ್‌ನಿಂದ ಕಾಪಿ ಮಾಡ್ರಿ, ಟೈಪ್ ಮಾಡಬ್ಯಾಡ್ರಿ. ಡೇಟಾ ಬದಲಾದ್ರ ಪ್ರೋಗ್ರಾಮ್ ಮತ್ತೆ ಓಡಿಸ್ರಿ, ಫೈಲ್ ತಾನೇ ಹೊಸದಾಗ್ತದ.

4/4
"ಸ್ಕ್ರೀನ್‌ಶಾಟ್ ಇದ್ರ ಸಾಲದಾ?" ಸಾಲದು. ಫೋಟೋದಾಗಿನ ಸಂಖ್ಯೆ ಕೂಡಿಸೋಕೆ ಬರಲ್ಲ, ಮತ್ತೆ ಕೈಯಿಂದಲೇ ಟೈಪ್ ಮಾಡಬೇಕು.

"ಫೈಲ್‌ಗೆ ಬರೆದ್ರ ತಪ್ಪೇ ಆಗಲ್ಲೇನು?" ಆಗ್ತದ. ಲೆಕ್ಕ ತಪ್ಪಿದ್ರ ಫೈಲ್‌ನಾಗೂ ತಪ್ಪೇ ಬರ್ತದ. ಆದ್ರ ಅದನ್ನ ಇನ್ನೊಬ್ಬರು ತೆಗೆದು ನೋಡಿ ಹಿಡೀಬಹುದು.

ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಒಂದು ಪ್ರಬಂಧ ಬರೆದ್ರು. ಸಾಲ ಜಿಡಿಪಿಯ 90 ಪರ್ಸೆಂಟ್ ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ 0.1 ಅಂದ್ರು. ಜಗತ್ತಿನ ದೊಡ್ಡ ದೊಡ್ಡ ಮಂತ್ರಿಗಳು ಅದನ್ನ ಹೇಳ್ಕೊಂಡು ಓಡಾಡಿದ್ರು. ಮ್ಯಾಸಚೂಸೆಟ್ಸ್‌ನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಕ್ಲಾಸ್ ಅಸೈನ್‌ಮೆಂಟ್‌ಗಾಗಿ ಅದೇ ಲೆಕ್ಕ ಮಾಡಿದ್ರ ಉತ್ತರ ಹೊಂದಲಿಲ್ಲ. ಲೇಖಕರನ್ನೇ ಕೇಳಿ ಎಕ್ಸೆಲ್ ಫೈಲ್ ತರಿಸ್ಕೊಂಡ. ಸೂತ್ರದಾಗ ಐದು ದೇಶ ಬಿಟ್ಟುಹೋಗಿದ್ವು! ಅದರ ಜೊತೆ ಬೇರೆ ದೋಷಗಳನ್ನೂ ಸರಿಪಡಿಸಿದಾಗ 2013ರಲ್ಲಿ ಅವನೂ ಅವನ ಪ್ರಾಧ್ಯಾಪಕರೂ ತೋರಿಸಿದ ಸಂಖ್ಯೆ 2.2. ಫೈಲ್ ಕೈಗೆ ಸಿಗದೇ ಇದ್ದಿದ್ರ ಆ ಐದು ದೇಶ ಬಿಟ್ಟದ್ದು ಅವನಿಗೆ ಕಾಣ್ತಾನೇ ಇರಲಿಲ್ಲ.

ನಮ್ಮ ಪ್ರಾಜೆಕ್ಟ್ ಯಾವ ಮಂತ್ರಿನೂ ಓದಲ್ಲ, ಖರೆ. ಆದ್ರ ಬಿಸಿಲಾಗ ನಿಂತು ನಮಗ ಉತ್ತರ ಕೊಟ್ಟ ರೈತ ಓದಬಹುದು. ಅವರು "ಇದು ಎಲ್ಲಿಂದ ಬಂತು?" ಅಂದ್ರ ತೆಗೆದು ತೋರಿಸೋಕೆ ಒಂದು ಫೈಲ್ ಇರಲಿ.

ನಿಮ್ಮ ಗ್ರೂಪ್‌ನಾಗ ಟೈಪಿಂಗ್ ಯಾರದು? ಅವರನ್ನ ಇಲ್ಲಿ ಟ್ಯಾಗ್ ಮಾಡ್ರಿ. ಸೇವ್ ಮಾಡ್ಕೊಳ್ರಿ, ಸಬ್ಮಿಷನ್ ಹಿಂದಿನ ರಾತ್ರಿ ಬೇಕಾಗ್ತದ.

#ಬಿಕಾಂ #ತೊಗರಿನಾಡು #ಆಳಂದ #ಅಫಜಲಪುರ #ಜೇವರ್ಗಿ #ಫೈಲ್‌ಗೆಬರೀರಿ