ಟಿಕ್ ಅನ್ನೋ ಯಂತ್ರ, ನಮ್ಮವ್ವನ ನಡ

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಹೊಸ ಮಾಲೊಂದು ಓಡ್ತಾ ಇದೆ: ‘ಜಂಟಲ್ ಕೈರೋಪ್ರಾಕ್ಟಿಕ್, ಫ್ಯಾಮಿಲಿ ಪ್ಯಾಕೇಜ್’. ಕತ್ತು ಹಿಡಿದು ಲಟಕ್ ಅನ್ನಿಸೋದೆಲ್ಲ ಇಲ್ಲ, ಹೆದರಬೇಡಿ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಸ್ಪ್ರಿಂಗ್ ಯಂತ್ರವನ್ನು ಬೆನ್ನುಮೂಳೆಗೆ ಇಟ್ಟು ಒತ್ತಿದರೆ ಟಿಕ್. ಅಷ್ಟೇ. ಹಸುಗೂಸಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರಿಗೂ ಆಗುತ್ತೆ.

ನನ್ನ ತಕರಾರು ಆ ಯಂತ್ರದ ಮೇಲಲ್ಲ. ‘ಎಲ್ಲರಿಗೂ’ ಅನ್ನೋ ಪದದ ಮೇಲೆ.

ಯಾದಗಿರಿ, ಶಹಾಪುರ, ಸುರಪುರದಿಂದ ಬಂದು ಇಲ್ಲಿ ಐಡಿ ಕಾರ್ಡು ನೇತುಹಾಕಿಕೊಂಡಿರುವ ನಮ್ಮಂಥವರಿಗೆ ಇಂಥ ಜಾಹೀರಾತು ನೇರ ಎದೆಗೆ ನಾಟುತ್ತೆ. ಊರಲ್ಲಿ ಅವ್ವನ ನಡ ಹಿಡಿದಿರುತ್ತೆ, ನಮಗೆ ರಜೆ ಸಿಕ್ಕಿರಲ್ಲ, ದುಡ್ಡು ಮಾತ್ರ ಇರುತ್ತೆ. ದುಡ್ಡಿನಿಂದ ತೊಳೆದುಕೊಳ್ಳಬಹುದಾದ ಪಾಪ ಅಂದ್ರೆ ಯಾರಿಗೆ ಬೇಡ? ನನ್ನ ತಮ್ಮನೂ ಶಹಾಪುರದಿಂದ ಫೋನ್ ಮಾಡಿ, “ಅಣ್ಣಾ, ನಿಮ್ಮ ಕಡಿ ಅದೇನೋ ಮಷೀನ್ ಬಂದದಂತಲ್ಲ, ಅವ್ವಗ ಉದ್ಯಾನ್‌ಗೆ ಕರಕೊಂಡು ಬರ್ಲೇನು?” ಅಂದ. ಯಾದಗಿರಿ ಸ್ಟೇಷನ್‌ವರೆಗೆ ಬಸ್ಸು, ಆಮೇಲೆ ರಾತ್ರಿಯೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್. ಬೆನ್ನು ನೆಟ್ಟಗಾಗೋ ಮೊದಲು ಬೆನ್ನಿಗೆ ಶಿಕ್ಷೆ.

ಈ ವಿದ್ಯೆಯ ಜಾತಕ ಸ್ವಲ್ಪ ನೋಡಿ. 1895ರಲ್ಲಿ ಅಮೆರಿಕದ ಅಯೋವಾದ ಡ್ಯಾವೆನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಅನ್ನೋ ಆಯಸ್ಕಾಂತ ಚಿಕಿತ್ಸಕ, ಕಿವಿ ಕೇಳದ ಒಬ್ಬ ಕೆಲಸಗಾರನ ಬೆನ್ನಿನ ಮೂಳೆ ಒತ್ತಿ ಕಿವಿ ಕೇಳಿಸಿದೆ ಅಂದುಕೊಂಡ. ಅಲ್ಲಿಂದ ಮುಂದೆ ರೋಗಗಳಲ್ಲಿ ನೂರಕ್ಕೆ 95 ಬೆನ್ನುಮೂಳೆ ಸರಿದದ್ದರಿಂದಲೇ ಬರುತ್ತವೆ ಅಂತ ಸಾರಿದ. ನಮ್ಮ ಕಡೆ ಉಳುಕು ತೆಗೆಯುವ, ಎಲುಬು ಕಟ್ಟುವ ಮುದುಕರನ್ನು ನಾವು ಇಂಗ್ಲಿಷ್ ಕಲಿತ ಮೇಲೆ ನಕ್ಕು ದೂರ ಇಟ್ಟೆವಲ್ಲ, ಅವರಾದರೂ ಉಳುಕು ತೆಗೀತೀನಿ ಅಂದರೇ ಹೊರತು ಕಿವುಡು ವಾಸಿ ಮಾಡ್ತೀನಿ ಅನ್ನಲಿಲ್ಲ. ಕೈಯ ಬದಲು ಯಂತ್ರ ತಂದವರು ಆರ್ಲನ್ ಫರ್ ಮತ್ತು ವಾರೆನ್ ಲೀ, 1960ರ ದಶಕದಲ್ಲಿ. ‘ಆಕ್ಟಿವೇಟರ್’ ಅಂತ ಅದರ ಹೆಸರು. ಏಟು ಹಗುರಾಯ್ತು, ನಿಜ. ಏಟು ಯಾಕೆ ಅನ್ನೋದಕ್ಕೆ ಕೊಡುವ ಉತ್ತರ ಮಾತ್ರ ಬಹಳಷ್ಟು ಕಡೆ ಹಳೆಯದೇ: ಮೂಳೆ ಸರಿದಿದೆ, ಕೂರಿಸಿದರೆ ಎಲ್ಲ ಸರಿಹೋಗುತ್ತೆ.

ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡ್ತೀನಿ. ದೊಡ್ಡವರ ಬರೀ ಬೆನ್ನುನೋವಿಗೆ ಬೆನ್ನುಮೂಳೆಯ ಮ್ಯಾನಿಪ್ಯುಲೇಷನ್ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ, ಮಸಾಜಿನ ಜೊತೆ ಅದೂ ಇದೆ. (ಸೊಂಟದ ಬೆಲ್ಟು ಬೇಡ ಅಂತಲೂ ಅದೇ ಮಾರ್ಗಸೂಚಿ ಹೇಳುತ್ತೆ. ನಮ್ಮ ಮೆಡಿಕಲ್ ಶಾಪಿನವರು ಓದಿಲ್ಲ ಅನ್ಸುತ್ತೆ.) ಆದರೆ ಅದರ ಲಾಭ ವ್ಯಾಯಾಮದ ಲಾಭದಷ್ಟೇ, ಮಧ್ಯಮ. ಪವಾಡ ಅಲ್ಲ.

ಕೂಸಿನ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಇಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಎರಡು ವಾರದ ಕೂಸನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ, ಅದರ ಬೆನ್ನಿಗೆ ಇದೇ ಸ್ಪ್ರಿಂಗ್ ಯಂತ್ರ ಒತ್ತಿದ ವಿಡಿಯೋ 2019ರಲ್ಲಿ ಗಲಾಟೆ ಎಬ್ಬಿಸಿತು. ವಿಕ್ಟೋರಿಯಾ ಸರ್ಕಾರ ಪರಿಶೀಲನೆ ಮಾಡಿಸಿತು. ಹಾನಿಯಾದ ಪುರಾವೆ ಅದಕ್ಕೆ ಹೆಚ್ಚು ಸಿಗಲಿಲ್ಲ. ಕೂಸುಗಳ ಅಳು, ಕಿವಿಸೋರು, ಹಾಸಿಗೆ ಒದ್ದೆ ಮಾಡೋದು ಇಂಥವಕ್ಕೆ ಲಾಭವಾಗುತ್ತೆ ಅನ್ನೋಕೆ ಗಟ್ಟಿ ಪುರಾವೆಯೂ ಸಿಗಲಿಲ್ಲ. ಲಾಭ ಇಲ್ಲದ ಮೇಲೆ ಸಣ್ಣ ಅಪಾಯವಾದರೂ ಯಾಕೆ? ಇದೇ ಮಾತು ಬರೆದ ಇಂಗ್ಲೆಂಡಿನ ವಿಜ್ಞಾನ ಲೇಖಕ ಸೈಮನ್ ಸಿಂಗ್ ಮೇಲೆ ಅಲ್ಲಿನ ಕೈರೋಪ್ರಾಕ್ಟರುಗಳ ಸಂಘ 2008ರಲ್ಲಿ ಮಾನನಷ್ಟ ಕೇಸು ಹಾಕಿ, 2010ರ ಏಪ್ರಿಲಿನಲ್ಲಿ ಕೈಬಿಟ್ಟಿತು. ಅದೇ ತಿಂಗಳು ಯಾದಗಿರಿ ಜಿಲ್ಲೆಯಾಯ್ತು. ಎರಡಕ್ಕೂ ಸಂಬಂಧ ಇಲ್ಲ, ಆದರೆ ನಮಗೆ ಸಿಕ್ಕ ಜಿಲ್ಲೆ ಏನು ಮಾಡಿತು ಅಂತ ಕೇಳೋದಕ್ಕೆ ಒಳ್ಳೇ ನೆಪ.

ಯಾಕಂದ್ರೆ ನಮ್ಮವ್ವನ ನಡ ಯಾವುದೋ ಮೂಳೆ ಸರಿದು ಹಿಡಿದಿದ್ದಲ್ಲ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳು ಗದ್ದೆಯಾದವು. ಭತ್ತದ ಸಸಿ ಹಚ್ಚುವ ಹೆಂಗಸರು ಮುಂಜಾನೆ ಬಗ್ಗಿದರೆ ಸಂಜೆ ಏಳ್ತಾರೆ. ಹತ್ತಿ ಬಿಡಿಸೋ ಕಾಲಕ್ಕೆ ಉಡಿಯಲ್ಲಿ ಹತ್ತಿ, ಬಗಲಲ್ಲಿ ಕೊಡ. ಉಳಿದವರು ಬೆಂಗಳೂರಿಗೆ ಗುಳೆ. ನೀವು ಎರ್ಗೊನಾಮಿಕ್ ಕುರ್ಚಿಯಲ್ಲಿ ಕೂತು ಬೆನ್ನುನೋವು ಅನ್ನೋ ಆ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರಲ್ಲಿ ನಮ್ಮ ಜಿಲ್ಲೆಯವರೂ ಇದ್ದಾರೆ, ಅವರಿಗೆ ಯಾವ ಪ್ಯಾಕೇಜೂ ಇಲ್ಲ.

ಇನ್ನೊಂದು ಇದೆ, ನೀರು. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿ ಇಲ್ಲದಿದ್ದರೆ 1.5ರವರೆಗೆ. ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರಿನಲ್ಲಿ ಅದು ಮೀರಿದೆ. ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತೆ, ಆಮೇಲೆ ಕತ್ತು, ಬೆನ್ನು ಕಟ್ಟಿಗೆಯಂತಾಗುತ್ತೆ. ಎಲುಬು ದಪ್ಪಗಾಗುತ್ತೆ ಆದರೆ ಗಟ್ಟಿಯಾಗಲ್ಲ. ನಮ್ಮಲ್ಲಿ ಬೆನ್ನುಮೂಳೆಗೆ ಬರುವ ಟಿಬಿಯೂ ಇದೆ: ತಿಂಗಳುಗಟ್ಟಲೆ ನೋವು, ಸಂಜೆ ಜ್ವರ, ತೂಕ ಇಳಿಯೋದು. ಮುಟ್ಟು ನಿಂತ ಮೇಲೆ ಟೊಳ್ಳಾಗುವ ಎಲುಬು ಬೇರೆ. ಇವೆಲ್ಲ ಹೊರಗಿಂದ ಒಂದೇ ಥರ ಕಾಣುತ್ತವೆ, ‘ನಡ ಬ್ಯಾನಿ’. ಎಕ್ಸ್‌ರೇ, ರಕ್ತ ಪರೀಕ್ಷೆ ಏನೂ ಇಲ್ಲದೆ ಎಲ್ಲದಕ್ಕೂ ಒಂದೇ ಟಿಕ್ ಕೊಡೋದಕ್ಕೆ ‘ಜಂಟಲ್’ ಅಂತ ಹೆಸರಿಡೋದು ಸರಿಯಲ್ಲ. ಹಗುರ ಏಟಿಗಿಂತ ದೊಡ್ಡ ಅಪಾಯ, ಹತ್ತು ಸಿಟ್ಟಿಂಗ್ ಮುಗಿಯೋವರೆಗೆ ಟಿಬಿಗೆ ಸಿಗುವ ಪುರಸೊತ್ತು.

“ಹಂಗಾದ್ರೆ ಡಾಕ್ಟರೆಲ್ಲ ಸಾಚಾನಾ?” ಅಂತೀರಿ. ಅಲ್ಲ. ನಮ್ಮೂರಲ್ಲಿ ಅವ್ವ ಬಾಯಿ ತೆರೆಯೋದರೊಳಗೆ ಇಂಜೆಕ್ಷನ್ ಚುಚ್ಚಿ ಕಳಿಸಿದವರಿದ್ದಾರೆ. ಯಂತ್ರದವನು ಮುಕ್ಕಾಲು ಗಂಟೆ ಮಾತಾಡಿಸ್ತಾನೆ, ಬೆನ್ನು ಮುಟ್ಟಿ ನೋಡ್ತಾನೆ, ನಗ್ತಾನೆ. ಜನ ದುಡ್ಡು ಕೊಡೋದು ಅದಕ್ಕೇ ಅನ್ನೋದು ನನ್ನ ಅನುಮಾನ. ಆ ಮುಕ್ಕಾಲು ಗಂಟೆ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಕಡೆಯಿಂದ ಸಿಗಬೇಕಿತ್ತು. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ಫಿಸಿಯೋಥೆರಪಿ ಇದೆ, ಕೈರೋಪ್ರಾಕ್ಟಿಕ್ ಅಂತ ಹೆಸರಿಲ್ಲ. ಅಂದ್ರೆ ನಿಮ್ಮ ಕೂಸಿನ ಬೆನ್ನಿಗೆ ಟಿಕ್ ಅನ್ನಿಸಿದವನು ವಿದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವನೋ, ವೀಕೆಂಡ್ ಕೋರ್ಸ್ ಮುಗಿಸಿದವನೋ ಅಂತ ಕೇಳಿ ತಿಳಿಯುವ ಜವಾಬ್ದಾರಿ ನಿಮ್ಮದೇ. ಏನಾದರೂ ಆದರೆ ದೂರು ಒಯ್ಯಲು ಅವನದೇ ಅನ್ನೋ ಒಂದು ಕೌನ್ಸಿಲ್ಲೂ ಇಲ್ಲ.

ತಮ್ಮನಿಗೆ ಹೇಳಿದ್ದು ಇಷ್ಟು. ರೈಲು ಬೇಡ. ಯಾದಗಿರಿ ಜಿಲ್ಲಾಸ್ಪತ್ರೆಗೆ ಕರಕೊಂಡು ಹೋಗಿ ಎಕ್ಸ್‌ರೇ ತೆಗೆಸು, ಮನೆ ಬೋರಿನ ನೀರು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡು. ಕಾಲು ಜೋಮು ಹಿಡಿದರೆ, ಒಂದಕ್ಕೆ ಹೋಗೋದು ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆ. ಈ ಸಲ ಸಸಿ ಹಚ್ಚೋಕೆ ಅವ್ವ ಹೋಗೋದು ಬೇಡ, ಆ ಕೂಲಿ ನಾನು ಕಳಿಸ್ತೀನಿ ಅಂದೆ. ಮೊದಲ ಮೂರಕ್ಕೂ ಒಪ್ಪಿದ. ಕೊನೇದಕ್ಕೆ ಅವ್ವ ಹಿಂದಿನಿಂದ ಕೂಗಿದ್ದು ಫೋನಲ್ಲಿ ಕೇಳಿಸಿತು: “ನಾ ಹೋಗ್ಲಿಲ್ಲಂದ್ರ ಮುಂದ ನಮ್ಮ ಗದ್ದಿಗಿ ಯಾರು ಬರ್ತಾರ?”